ಸೆನ್ಯೋರಾ ಮನೆಯ ನಾಲ್ಕು ಬಳ್ಳಿ

ನಾವು ಲಂಡನ್ನಿನ ಕೆಂಟನ್ ಬಡಾವಣೆಯ ಮನೆಗೆ ಬಂದದ್ದು ತೊಂಬತ್ತೇಳರ ಚಳಿಗಾಲದಲ್ಲಿ. ಒಂದೇ ಗೋಡೆಯ ಆಚೆ ಈಚೆ ಎರಡು ಸಂಸಾರ ಇರುವಂಥ ಜೋಡಿಮನೆ ಅದು. ಎಡಗಡೆಯ ಅರ್ಧ ನಮ್ಮದು, ಬಲಗಡೆಯದು ಸ್ಪೇನಿನಿಂದ ಬಂದು ಬಹಳ ವರ್ಷಗಳಿಂದ ಅಲ್ಲೇ ನೆಲೆಸಿದ್ದ ವಯಸ್ಸಾದ ಗಂಡಹೆಂಡತಿಯದು. ನನ್ನ ಗಂಡ ಬೆಂಗಳೂರಿನವರು, ರೈಲು ಸಿಗ್ನಲ್ಲಿನ ಎಂಜಿನಿಯರ್, ದಿನಾ ಸ್ಟ್ರಾಟ್‌ಫರ್ಡ್‌ವರೆಗೆ ನೆಲದಡಿಯ ಟ್ಯೂಬ್ ರೈಲಿನಲ್ಲಿ ಹೋಗಿಬರುತ್ತಿದ್ದರು. ನನಗಿನ್ನೂ ಕೆಲಸ ಸಿಕ್ಕಿರಲಿಲ್ಲ. ಮಗಳು ಹಾಲುಗೂಸು.

ಸಾಮಾನು ಇನ್ನೂ ಪೆಟ್ಟಿಗೆಗಳಲ್ಲೇ ಇತ್ತು. ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಪಕ್ಕದವರ ಹಿತ್ತಲು ನೋಡುತ್ತಿದ್ದೆ. ಅವರ ಗ್ಯಾರೇಜಿನ ಇಟ್ಟಿಗೆ ಗೋಡೆಗೆ ಒರಗಿ ಎಲೆ ಉದುರಿದ ನಾಲ್ಕು ಕಾಂಡಗಳಿದ್ದವು. ತೊಗಟೆ ಚಿಂದಿ ಬಟ್ಟೆಯ ಹಾಗೆ ಸುಲಿದು ಜೋತಾಡುತ್ತಿತ್ತು. ಅಷ್ಟು ದೂರದಿಂದಲೂ ಅದು ದ್ರಾಕ್ಷಿ ಎಂದು ಗೊತ್ತಾಯಿತು. ವಿಜಾಪುರದ ಹತ್ತಿರ ಅಪ್ಪನ ದ್ರಾಕ್ಷಿ ತೋಟದಲ್ಲಿ ಓಡಾಡಿ ಬೆಳೆದವಳು ನಾನು. ಮಗಳನ್ನು ಸೊಂಟಕ್ಕೆ ಎತ್ತಿಕೊಂಡು, ಚಪ್ಪಲಿಯಲ್ಲೇ ಬೇಲಿಯ ಹತ್ತಿರ ಹೋದೆ. ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಕಡ್ಡಿ ಕತ್ತರಿಸುತ್ತಿದ್ದ ಮುದುಕರು ತಿರುಗಿ ನೋಡಿದರು.

"ಇವು ದ್ರಾಕ್ಷಿ ಅಲ್ಲವೆ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಅವರಿಗೆ ಆಶ್ಚರ್ಯವಾಯಿತು. ಇಷ್ಟು ವರ್ಷದಲ್ಲಿ ಎಲೆಯಿಲ್ಲದ ಕಾಲದಲ್ಲಿ ಯಾರೂ ಗುರುತು ಹಿಡಿದಿರಲಿಲ್ಲವಂತೆ. ಕತ್ತರಿಯನ್ನು ಜೇಬಿಗಿಟ್ಟು, ಮನೆಮಂದಿಯ ಪರಿಚಯ ಮಾಡಿಸುವ ಹಾಗೆ ಒಂದೊಂದೇ ಬಳ್ಳಿಯನ್ನು ಮುಟ್ಟಿ ಹೆಸರು ಹೇಳಿದರು. ಮೊದಲನೆಯದು ಟೆಂಪ್ರಾನಿಯೊ. ಅವರ ಭಾಷೆಯಲ್ಲಿ ಬೇಗ ಎಂಬ ಮಾತಿನಿಂದ ಬಂದ ಹೆಸರು, ಉಳಿದವಕ್ಕಿಂತ ಮೊದಲು ಹಣ್ಣಾಗುತ್ತದೆ. ಎರಡನೆಯದು ಗಾರ್ನಾಚಾ, ಬಿಸಿಲಿನ ಹುಚ್ಚು ಇರುವಂಥದು. ಮೂರನೆಯದು ಮಾಸುವೆಲೊ, ಹುಳಿ, ಒಗರು, ಒಳ್ಳೆಯ ಬಣ್ಣ. ಕೊನೆಯದು ಗ್ರಾಸಿಯಾನೊ. "ಇದು ಕೊಡೋದು ನಾಲ್ಕೇ ಗೊಂಚಲು. ಇದನ್ನು ಹಾಕಿ ಅಂದರೆ ನಮ್ಮೂರ ರೈತರು 'ಗ್ರಾಸಿಯಾಸ್, ನೋ' ಅಂತಾರೆ. ಧನ್ಯವಾದ, ಬೇಡ ಅಂತ," ಎಂದು ನಕ್ಕರು. ರಿಯೋಹ ಎಂಬ ಸೀಮೆಯಲ್ಲಿ ಅವರ ಅಪ್ಪ ಈ ನಾಲ್ಕನ್ನೂ ಬೆರೆಸಿ ಕೆಂಪು ವೈನ್ ಮಾಡುತ್ತಿದ್ದರಂತೆ. ಅಲ್ಲಿಂದ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದು ಇಲ್ಲಿ ನೆಟ್ಟಿದ್ದರು.

ನಮ್ಮೂರ ದ್ರಾಕ್ಷಿ ಹಸಿರು, ಬೀಜವಿಲ್ಲದ್ದು ಎಂದೆ.

"ಬೀಜವಿಲ್ಲದ ದ್ರಾಕ್ಷಿಯಲ್ಲಿ ಎಂಥಾ ವೈನ್ ಮಾಡ್ತೀರಿ?"

"ವೈನ್ ಇಲ್ಲ. ತಿನ್ನುತ್ತೇವೆ. ಉಳಿದದ್ದು ಒಣಗಿಸುತ್ತೇವೆ."

ಅವರು ಪಾಪ ಅನ್ನುವ ಹಾಗೆ ತಲೆಯಾಡಿಸಿದರು.

ಅವರ ಹೆಂಡತಿಯ ಪರಿಚಯವಾದದ್ದು ಆಮೇಲೆ. ಗುಂಡಗಿನ ಮುಖ, ಚುರುಕು ನಡಿಗೆ, ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ತಮ್ಮನ್ನು ಹೆಸರು ಹಿಡಿದು ಕರೆಯಲು ಹೇಳಿದರು. ಅವ್ವನ ವಯಸ್ಸಿನವರನ್ನು ಹೆಸರಿನಿಂದ ಕರೆಯಲು ನನಗೆ ಬಾಯಿ ಬರಲಿಲ್ಲ. ಅವರ ಭಾಷೆಯಲ್ಲಿ ಅಮ್ಮಾವ್ರೇ ಎನ್ನುವ ಹಾಗೆ ಸೆನ್ಯೋರಾ ಎಂದೆ. ಅದೇ ಉಳಿಯಿತು. ಅವರು ನನ್ನನ್ನು 'ಇಹಾ' ಎನ್ನುತ್ತಿದ್ದರು. ಹಾಗೆಂದರೆ ಮಗಳೇ ಎಂದು ಅರ್ಥ.

ಲಂಡನ್ನಿನ ಬಿಸಿಲಿಗೆ ಆ ನಾಲ್ಕರಲ್ಲಿ ಸರಿಯಾಗಿ ಹಣ್ಣಾಗುತ್ತಿದ್ದದ್ದು ಟೆಂಪ್ರಾನಿಯೊ ಒಂದೇ. ಗಾರ್ನಾಚಾ ಅರ್ಧಂಬರ್ಧ ಕೆಂಪಾಗಿ ನಿಲ್ಲುತ್ತಿತ್ತು. ಇನ್ನೆರಡರ ಕಾಯಿ ಗಟ್ಟಿಯಾಗಿ, ಹುಳಿಯಾಗಿ ಇರುವಾಗಲೇ ಅಕ್ಟೋಬರಿನ ಮಳೆ ಹಿಡಿದು ಕೊಳೆಯುತ್ತಿದ್ದವು. ಆದರೂ ಆ ಮುದುಕರು ಪ್ರತಿ ವರ್ಷ ಗ್ಯಾರೇಜಿನಲ್ಲಿ ಕೆಲವು ಬಾಟಲಿ ವೈನ್ ಮಾಡುತ್ತಿದ್ದರು. ಅದನ್ನು ಅಡುಗೆಗೆ ಹಾಕುವುದು ಬಿಟ್ಟು ಇನ್ನೇನಕ್ಕೂ ಬರುವುದಿಲ್ಲ ಎಂದು ಸೆನ್ಯೋರಾ ಗಂಡನ ಎದುರಿಗೇ ಹೇಳುತ್ತಿದ್ದರು.

ಎರಡು ಸಾವಿರನೇ ಇಸವಿಯ ಕೊನೆಗೆ ಆ ಮುದುಕರು ತೀರಿಕೊಂಡರು. ಹೃದಯದ ತೊಂದರೆ, ಹೆಚ್ಚು ದಿನ ನರಳಲಿಲ್ಲ. ಆ ಚಳಿಗಾಲ ಬಳ್ಳಿಗೆ ಕತ್ತರಿ ತಾಗಲಿಲ್ಲ. ಮರುವರ್ಷವೂ ಇಲ್ಲ. ಕಡ್ಡಿಗಳು ಒಂದರ ಮೇಲೊಂದು ಹೆಣೆದುಕೊಂಡು ಗ್ಯಾರೇಜಿನ ಮಾಡಿಗೆ ಹತ್ತಿದವು. ತೋಟದ ಕೆಲಸದವರನ್ನು ಕರೆಸಲೇ ಎಂದು ಸೆನ್ಯೋರಾ ಅವರನ್ನು ಒಮ್ಮೆ ಕೇಳಿದೆ. "ಇರಲಿ ಇಹಾ, ಅವಸರವೇನಿದೆ?" ಎಂದರು. ಸುಸ್ತಾಗಿರಬೇಕು ಎಂದುಕೊಂಡೆ.

ಎರಡು ಸಾವಿರದ ಒಂದರಲ್ಲಿ ಊರಿನಲ್ಲಿ ನನ್ನ ಅವ್ವ ಹೋದಳು. ತೋಟ, ಮನೆ ಎಲ್ಲ ಅಣ್ಣ ನೋಡಿಕೊಳ್ಳುತ್ತಿದ್ದ. ಅಪ್ಪ ಮಾತ್ರ ಯಾವುದರಲ್ಲೂ ಮನಸ್ಸಿಲ್ಲದೆ ಕೂತುಬಿಡುತ್ತಾರೆ ಎಂದು ಅಣ್ಣ ಫೋನಿನಲ್ಲಿ ಹೇಳಿದ. ಸ್ವಲ್ಪ ದಿನ ಇಲ್ಲಿ ಇದ್ದುಹೋಗಲಿ ಎಂದು ಕರೆಸಿಕೊಂಡೆವು. ಎರಡು ಸಾವಿರದ ಎರಡರ ಮಾರ್ಚಿನಲ್ಲಿ, ಬಿಳಿ ಧೋತರದ ಮೇಲೆ ಅಳಿಯ ಕಳಿಸಿದ್ದ ಕಪ್ಪು ಕೋಟು ಹಾಕಿಕೊಂಡು ಹೀಥ್ರೋದಲ್ಲಿ ಇಳಿದರು.

ಅಷ್ಟು ಹೊತ್ತಿಗೆ ನನಗೆ ಹತ್ತಿರದ ಶಾಲೆಯ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಮಗಳೂ ಅದೇ ಶಾಲೆಗೆ ಹೋಗುತ್ತಿದ್ದಳು. ಹಗಲೆಲ್ಲ ಅಪ್ಪ ಒಬ್ಬರೇ. ಕ್ವೀನ್ಸ್‌ಬರಿಯ ಅಂಗಡಿಗಳವರೆಗೆ ನಡೆದು ಹೋಗಿ ಮೆಂತ್ಯೆಪಲ್ಯೆ, ಹಸಿಮೆಣಸಿನಕಾಯಿ ತರುತ್ತಿದ್ದರು. ಪಾರ್ಕಿನ ಬೆಂಚಿನಲ್ಲಿ ಗುಜರಾತಿ ಮುದುಕರ ಪಕ್ಕ ಕೂತು ಬರುತ್ತಿದ್ದರು. ಸಂಜೆ ಮೊಮ್ಮಗಳು ಬಂದರೆ ಅಜ್ಜ ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಹೇಳುವುದು. ಇಬ್ಬರಿಗೂ ಅದರಿಂದ ತೊಂದರೆಯೇನೂ ಇದ್ದಂತೆ ಕಾಣಲಿಲ್ಲ.

ಈಸ್ಟರ್ ಹಬ್ಬಕ್ಕೆ ಸೆನ್ಯೋರಾ ಊರಿಗೆ, ತಂಗಿಯ ಮನೆಗೆ ಹೊರಟರು. ಬರುವುದು ಏಪ್ರಿಲ್ ಕೊನೆಗೆ. ಕೀಲಿಕೈ ನನ್ನ ಕೈಗೆ ಕೊಟ್ಟು ಹೂಕುಂಡಗಳಿಗೆ ನೀರು ಹಾಕಲು ಹೇಳಿದರು. ಆ ಕೆಲಸ ಅಪ್ಪ ವಹಿಸಿಕೊಂಡರು. ಬೆಳಿಗ್ಗೆ ಎದ್ದು ಏನಾದರೂ ಮಾಡಲು ಸಿಕ್ಕಿತೆಂದು ಅವರಿಗೆ ಸಮಾಧಾನ, ನನಗೂ ಸಮಾಧಾನ.

"ಯವ್ವಾ, ಆ ಬಳ್ಳಿ ಯಾರೂ ನೋಡೋರಿಲ್ಲೇನು? ಪೂರಾ ಅಡವಿ ಬಿದ್ದಾವಲ್ಲ," ಎಂದರು ಒಂದು ದಿನ ಊಟಕ್ಕೆ ಕೂತಾಗ.

"ಅವರ ಯಜಮಾನ್ರು ನೋಡ್ತಿದ್ರು ಅಪ್ಪಾ. ಅವರು ತೀರಿಕೊಂಡ್ರು."

"ಹಂಗ," ಎಂದು ತಿರುಗಿ ಕಿಟಕಿಯ ಕಡೆ ನೋಡಿದರು.

ಏಪ್ರಿಲ್ ಮಧ್ಯದಲ್ಲಿ ಒಂದು ಮಧ್ಯಾಹ್ನ ಶಾಲೆಯಿಂದ ಬಂದು ಕಿಟಕಿಯ ಹೊರಗೆ ನೋಡಿದರೆ ಪಕ್ಕದ ಹಿತ್ತಲಿನ ಗೋಡೆ ಬೋಳಾಗಿತ್ತು. ಚಹಾದ ಪಾತ್ರೆ ಒಲೆಯ ಮೇಲಿಟ್ಟವಳು ಹಾಗೇ ಆರಿಸಿ ಓಡಿದೆ. ಹೆಣೆದುಕೊಂಡಿದ್ದ ಕಡ್ಡಿ, ತೋಳಿನ ಹಾಗೆ ಎರಡೂ ಕಡೆ ಚಾಚಿದ್ದ ದಪ್ಪ ಕೊಂಬೆ ಯಾವುದೂ ಇರಲಿಲ್ಲ. ನಾಲ್ಕು ಮೋಟು ಕಾಂಡ, ಮೇಲೆ ಗೇಣುದ್ದದ ಕವಲುಗಳು. ಕತ್ತರಿಸಿದ ಬಾಯಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅಪ್ಪ ಹಣೆಯ ಬೆವರು ಒರೆಸಿಕೊಳ್ಳುತ್ತ, ಅವ್ವ ಹೋದಮೇಲೆ ನಾನು ಅವರ ಮುಖದಲ್ಲಿ ಕಾಣದಿದ್ದ ಸಂತೋಷದಿಂದ ನಿಂತಿದ್ದರು.

"ಅಪ್ಪಾ, ಏನ್ ಮಾಡೀರಿ ಇದು?"

"ಎಪ್ರಿಲ್ ಚಾಟ್ನಿ ಮಾಡ್ದೆ. ಈಗ ಮಾಡಲಿಲ್ಲಂದ್ರ ಮತ್ತ್ಯಾವಾಗ ಮಾಡೋದು?"

ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. ಅದಕ್ಕೇ ಚಾಟ್ನಿ ಎನ್ನುವುದು. ಹಣ್ಣು ಕೊಯ್ದಾದ ಮೇಲೆ ಏಪ್ರಿಲ್‌ನಲ್ಲಿ ಕಡ್ಡಿಯನ್ನು ಪೂರಾ ತೆಗೆದು ಬಳ್ಳಿಯನ್ನು ಹೊಸದು ಮಾಡುವುದು ಒಂದು, ಅಕ್ಟೋಬರಿನಲ್ಲಿ ಹಣ್ಣಿಗಾಗಿ ಮಾಡುವುದು ಇನ್ನೊಂದು. ಇಲ್ಲಿ ಹಾಗಲ್ಲ. ಚಳಿಗಾಲದಲ್ಲಿ ಬಳ್ಳಿ ಮಲಗಿರುವಾಗ ಒಂದೇ ಸಲ. ಏಪ್ರಿಲ್ ಅಂದರೆ ಬೇರಿನಿಂದ ನೀರು ಏರಿ ಮೊಗ್ಗು ಒಡೆಯುವ ಹೊತ್ತು. ನಾನು ಇದನ್ನೆಲ್ಲ ಹೇಳಿದಾಗ ಅಪ್ಪ ತೊಟ್ಟಿಕ್ಕುವ ಕಾಂಡವನ್ನು ಇನ್ನೊಮ್ಮೆ ನೋಡಿದರು. ಮುಖದ ಸಂತೋಷ ಇಳಿಯಿತು.

"ಸಾಯಂಗಿಲ್ಲ ಬಿಡು. ಬೇರು ಗಟ್ಟಿ ಅದಾವು," ಎಂದರು. ಕತ್ತರಿಯನ್ನು ನೆಲಕ್ಕಿಟ್ಟು, "ಆದ್ರ ಈ ವರ್ಷ ಕಾಯಿ ಹೋತು," ಎಂದರು.

ಸೆನ್ಯೋರಾ ಬರುವ ದಿನದವರೆಗೆ ಮನೆಯಲ್ಲಿ ಅದೇ ಮಾತು. ನಾನು ಮೊದಲೇ ಫೋನ್ ಮಾಡಿ ತಿಳಿಸುತ್ತೇನೆಂದೆ. ಅಪ್ಪ ಬೇಡ ಎಂದರು. "ಮಾಡಿದಾಂವ ನಾನು. ಎದುರಿಗೆ ನಿಂತು ನಾನಾ ಹೇಳ್ತೀನಿ. ನೀ ಇಂಗ್ಲೀಷಿನಾಗ ತಿರುವಿ ಹೇಳು, ಅಷ್ಟ."

ಅವರ ಟ್ಯಾಕ್ಸಿ ಬಂದ ಕೂಡಲೇ ಹೋದೆವು. ಅಪ್ಪ ತೊಳೆದ ಧೋತರ ಉಟ್ಟು, ಬಿಳಿ ಟೊಪ್ಪಿಗೆ ಹಾಕಿಕೊಂಡಿದ್ದರು. ಸೆನ್ಯೋರಾ ಬಾಗಿಲು ತೆರೆದು, ಹಬ್ಬದ ಸಿಹಿಯ ಡಬ್ಬಿ ನನ್ನ ಕೈಗಿಡಲು ಬಂದರು. ಅಪ್ಪ ಕೈಜೋಡಿಸಿದರು.

"ಅಕ್ಕಾರ, ನಿಮ್ಮ ಬಳ್ಳಿ ನಾ ಕೊಯ್ದೀನ್ರಿ. ನಿಮ್ಮನ್ನ ಕೇಳಲಾರದ ಕೊಯ್ದೆ. ತಪ್ಪಾತು."

ನಾನು ತಿರುಗಿಸಿ ಹೇಳುವಷ್ಟರಲ್ಲಿ ಅವರಿಗೆ ಅಪ್ಪನ ಮುಖದಿಂದಲೇ ಏನೋ ಆಗಿದೆಯೆಂದು ಗೊತ್ತಾಗಿತ್ತು. ಹಿತ್ತಲಿಗೆ ನಡೆದರು. ನಾವು ಹಿಂದೆ ಹೋದೆವು. ಗೋಡೆಯ ಎದುರು ನಿಂತು ಬರಿದಾದ ತಂತಿಯ ಮೇಲೆ ಕೈಯಾಡಿಸಿದರು.

"ಗಂಟುಗಳೆಲ್ಲಿ?" ಎಂದು ಕೇಳಿದರು.

ನನಗೆ ಅರ್ಥವಾಗಲಿಲ್ಲ.

"ಅವನು ಕಟ್ಟಿದ್ದ ಗಂಟುಗಳು. ಪ್ರತಿ ಚಳಿಗಾಲ ನನ್ನ ಹಳೆಯ ಕಾಲುಚೀಲ ಹರಿದು, ಅದರ ಪಟ್ಟಿಯಿಂದ ಕೊಂಬೆಗಳನ್ನು ತಂತಿಗೆ ಕಟ್ಟುತ್ತಿದ್ದ. ಕೊನೆಯ ಸಲ ಕಟ್ಟಿದ್ದು ಹಾಗೇ ಇತ್ತು."

ಎರಡು ಚಳಿಗಾಲ ಅವರು ಬಳ್ಳಿಯನ್ನು ಯಾಕೆ ಮುಟ್ಟಲಿಲ್ಲ ಎಂದು ಆಗ ತಿಳಿಯಿತು. ಅಪ್ಪನಿಗೆ ಹೇಳಿದೆ. ಅವರು ಗ್ಯಾರೇಜಿನ ಹಿಂದೆ ಹೋದರು. ಕತ್ತರಿಸಿದ್ದೆಲ್ಲ ಅಲ್ಲೇ ರಾಶಿ ಬಿದ್ದಿತ್ತು, ಕೌನ್ಸಿಲ್ಲಿನವರ ಕಸದ ಬಿನ್ನಿಗೆ ಇನ್ನೂ ಹೋಗಿರಲಿಲ್ಲ. ನೆಲದ ಮೇಲೆ ಕೂತು, ಒಂದೊಂದೇ ಕಡ್ಡಿ ಎಳೆದು, ಬಟ್ಟೆಯ ಗಂಟು ಇದ್ದದ್ದನ್ನು ಬೇರೆ ಮಾಡಿ ಇಡತೊಡಗಿದರು. ಬಣ್ಣ ಹೋಗಿ ಬೂದಿಯಾಗಿದ್ದ ಪಟ್ಟಿಗಳು, ಕೆಲವು ಕಡ್ಡಿಯ ಮೈಯೊಳಗೆ ಹುದುಗಿಹೋಗಿದ್ದವು. ಸೆನ್ಯೋರಾ ನೋಡುತ್ತ ನಿಂತಿದ್ದರು.

"ಇವತ್ತು ಹೋಗಿ," ಎಂದರು ನನಗೆ. ದನಿ ಏರಿಸಲಿಲ್ಲ. "ದಯವಿಟ್ಟು ಹೋಗಿ."

ಆಮೇಲೆ ಅವರು ನಮ್ಮ ಬಾಗಿಲಿಗೆ ಬರಲಿಲ್ಲ. ಬೀದಿಯಲ್ಲಿ ಸಿಕ್ಕರೆ ತಲೆಯಾಡಿಸಿ ಹೋಗುತ್ತಿದ್ದರು. ಮಗಳು ಸಂಜೆ ಅವರ ಮನೆಗೆ ಬಿಸ್ಕತ್ತಿಗೆಂದು ಓಡುವುದನ್ನು ನಾನೇ ತಡೆದೆ. ಅಪ್ಪ ಪಾರ್ಕಿಗೆ ಹೋಗುವುದು ನಿಂತಿತು. ಅಡುಗೆಮನೆಯ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಆ ನಾಲ್ಕು ಮೋಟುಗಳನ್ನು ನೋಡುತ್ತ ಕೂರುತ್ತಿದ್ದರು.

"ಅವರಿಗೆ ಸ್ವಲ್ಪ ಟೈಮ್ ಬೇಕು ಮಾವ. ನೀವು ಬೇಕಂತ ಮಾಡಿದ್ದಲ್ಲವಲ್ಲ," ಎಂದರು ನನ್ನ ಗಂಡ.

"ಬೇಕಂತ ಮಾಡಿಲ್ಲ ಖರೇ," ಎಂದು ಅಪ್ಪ ಕಿಟಕಿಯಿಂದ ಕಣ್ಣು ತೆಗೆಯದೆ ಹೇಳಿದರು. "ನಿಮ್ಮ ಅತ್ತಿ ಸೀರಿ ಎಲ್ಲಾ ಟ್ರಂಕಿನಾಗ ಹಂಗ ಅದಾವು. ಮಗ ಸೊಸಿ ಯಾರೂ ಮುಟ್ಟಿಲ್ಲ. ಯಾರರ ಬಂದು, ಒಳ್ಳೇದಾಗಲಿ ಅಂತನಾ, ಅವನ್ನ ತಗದು ಹಂಚಿಬಿಟ್ಟಿದ್ರ ನನಗ ಹೆಂಗಾಗ್ತಿತ್ತು?"

ಇಲ್ಲಿಗೆ ಬಂದಮೇಲೆ ಅವ್ವನ ಬಗ್ಗೆ ಅಪ್ಪ ಬಾಯಿಬಿಟ್ಟು ಆಡಿದ ಮೊದಲ ಮಾತು ಅದು.

ಮೇ ತಿಂಗಳಲ್ಲಿ ಕಾಂಡದ ಒರಟು ತೊಗಟೆ ಸೀಳಿಕೊಂಡು ಎಲ್ಲೆಂದರಲ್ಲಿ ಗುಲಾಬಿ ಬಣ್ಣದ ಚಿಗುರು ಬಂತು. ಅಪ್ಪ ಮೊದಲು ನೋಡಿ ನನ್ನನ್ನು ಕೂಗಿದರು. ಕೆಲವು ದಿನಕ್ಕೆ ಚಿಗುರು ಎಷ್ಟಾಯಿತೆಂದರೆ ಕಾಂಡವೇ ಮುಚ್ಚಿತು. ಒಂದು ಶನಿವಾರ ಬಟ್ಟೆ ಒಣಹಾಕುತ್ತಿದ್ದಾಗ ಸೆನ್ಯೋರಾ ಬೇಲಿಯ ಹತ್ತಿರ ಬಂದರು.

"ನಿಮ್ಮ ತಂದೆ ಇದ್ದಾರಾ?"

"ಇದ್ದಾರೆ."

"ಚಿಗುರು ತುಂಬ ಬಂದಿದೆ. ಈ ತಿಂಗಳಲ್ಲಿ ಅವನು ಕೆಲವನ್ನು ಬೆರಳಿನಿಂದ ಉಜ್ಜಿ ಉದುರಿಸುತ್ತಿದ್ದ. ಯಾವುದು ಇಡಬೇಕು, ಯಾವುದು ತೆಗೀಬೇಕು ಅಂತ ನನಗೆ ಗೊತ್ತಿಲ್ಲ."

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಆ ದಿನ ಒಂದೊಂದು ಚಿಗುರನ್ನೂ ತೋರಿಸಿ, ಅವರು ಹೂಂ ಎಂದ ಮೇಲೆ ತೆಗೆದರು. ಕೇಳದೆ ಒಂದನ್ನೂ ಮುಟ್ಟಲಿಲ್ಲ. ಕಟ್ಟಲು ಏನಾದರೂ ಬೇಕಲ್ಲ ಎಂದಾಗ ಸೆನ್ಯೋರಾ ಒಳಗೆ ಹೋಗಿ ಹಳೆಯ ಕಾಲುಚೀಲಗಳನ್ನು ತಂದರು. ಇಬ್ಬರೂ ಹರಿದು ಪಟ್ಟಿ ಮಾಡಿದರು. ಮಧ್ಯೆ ಅಪ್ಪ ನನ್ನ ಕಡೆ ತಿರುಗಿ ಅವ್ವನ ಸೀರೆಯ ಮಾತನ್ನು ಇವರಿಗೂ ಹೇಳು ಎಂದರು. ಹೇಳಿದೆ.

ಸೆನ್ಯೋರಾ ಕೈಯಲ್ಲಿದ್ದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡರು. "ಅವನ ಕೋಟು ಬಾಗಿಲ ಹಿಂದೆ ನೇತಾಡ್ತಾ ಇದೆ," ಎಂದರು. "ಯಾರಾದರೂ ತೆಗೆದರೆ ಕೂಗಾಡಿಬಿಡ್ತೀನಿ. ನಾನಾಗಿ ತೆಗೆಯೋದೂ ಇಲ್ಲ. ಹೋಗ್ತಾ ಬರ್ತಾ ಭುಜಕ್ಕೆ ತಾಗುತ್ತೆ."

"ಇರಲಿ ಅಂತ ಹೇಳು. ತಾಗ್ಲಿ," ಎಂದರು ಅಪ್ಪ.

ಅಲ್ಲಿಂದ ಸೆಪ್ಟೆಂಬರಿನಲ್ಲಿ ಅಪ್ಪ ಊರಿಗೆ ಹೋಗುವವರೆಗೆ ಅವರಿಬ್ಬರ ಮಾತು ನನ್ನ ಮೂಲಕ ನಡೆಯಿತು. ನಾನಿಲ್ಲದಾಗ ಕೈಸನ್ನೆ. ಅಪ್ಪನಿಗೆ ಆ ನಾಲ್ಕು ಜಾತಿಯ ವಿಷಯ ಬಗೆಹರಿಯುತ್ತಿರಲಿಲ್ಲ. ಟೆಂಪ್ರಾನಿಯೊ ಎಲೆಯ ಕೆಳಗೆ ಬೆರಳಾಡಿಸಿದರೆ ನವಿರು ತುಪ್ಪಳ, ಗಾರ್ನಾಚಾ ಎಲೆ ಎರಡೂ ಕಡೆ ನುಣುಪು, ಇಷ್ಟನ್ನು ಕಲಿತುಕೊಂಡರು. ಆದರೆ ಗ್ರಾಸಿಯಾನೊದ ಎದುರು ನಿಂತು ತಲೆ ಕೊಡವುತ್ತಿದ್ದರು.

"ಕಾಯಿ ಕೊಡಂಗಿಲ್ಲಂದ್ರ ಇದನ್ನ ಯಾಕ ಇಟ್ಟೀರಿ? ಒಂದಾ ಜಾತಿ ಹಚ್ಚಿದ್ರ ಆಳಿಗೂ ಹಗೂರ, ಮಾಲೂ ಒಂದಾ ಸಮ."

"ಅದರ ಪರಿಮಳ ಬೇರೆ ಯಾವುದಕ್ಕೂ ಇಲ್ಲ," ಎಂದರು ಸೆನ್ಯೋರಾ. "ಸ್ವಲ್ಪ ಹಾಕಿದರೆ ಸಾಕು. ಆಮೇಲೆ, ನಮ್ಮೂರಲ್ಲಿ ಒಂದು ವರ್ಷ ಹೂ ಬಿಡೋ ಕಾಲಕ್ಕೆ ಚಳಿ ಬಿದ್ದು ಗಾರ್ನಾಚಾ ಉದುರಿಹೋಗುತ್ತೆ. ಇನ್ನೊಂದು ವರ್ಷ ಮಾಸುವೆಲೊಗೆ ಬೂದಿರೋಗ. ನನ್ನ ಮಾವ ಹೇಳ್ತಿದ್ದರು, ನಾಲ್ಕು ಇದ್ದರೆ ಯಾವುದೋ ಎರಡು ನಿಲ್ಲುತ್ತೆ ಅಂತ."

ಪರಿಮಳದ ಮಾತಿಗೆ ಸುಮ್ಮನಿದ್ದ ಅಪ್ಪ ಇದಕ್ಕೆ ತಟ್ಟನೆ ಒಪ್ಪಿದರು. ಆಲಿಕಲ್ಲು ಬಿದ್ದು ಇಡೀ ತೋಟ ಮಲಗಿದ ವರ್ಷ ಅವರಿಗೆ ನೆನಪಿರಬೇಕು.

ಆ ವರ್ಷ ಒಂದು ಗೊಂಚಲೂ ಬರಲಿಲ್ಲ. ಮರುವರ್ಷದ ಜನವರಿಯಲ್ಲಿ ನಾನೂ ಸೆನ್ಯೋರಾ ಕೂಡಿ ಕತ್ತರಿ ಹಿಡಿದೆವು. ಕಡ್ಡಿಯಲ್ಲಿ ಚಿಗುರೊಡೆಯುವ ಕಣ್ಣು ಎಷ್ಟು ಬಿಡಬೇಕೆಂದು ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಇಲ್ಲಿನ ಹವಾ ತನಗೆ ತಿಳಿಯದು, ಆ ಅಕ್ಕಾರು ಹೇಳಿದಂತೆ ಮಾಡು ಎಂದರು.

ಎರಡು ಸಾವಿರದ ಮೂರರ ಬೇಸಿಗೆ ಲಂಡನ್ನಿನಲ್ಲಿದ್ದವರಾರೂ ಮರೆಯಲಾರರು. ಆಗಸ್ಟಿನಲ್ಲಿ ಟ್ಯೂಬಿನೊಳಗೆ ಜನ ಬೆವತು ಬಸವಳಿಯುತ್ತಿದ್ದರು. ಪಾರ್ಕಿನ ಹುಲ್ಲು ನಮ್ಮೂರ ಬಯಲಿನ ಹಾಗೆ ಹಳದಿಯಾಯಿತು. ಅಂಗಡಿಗಳಲ್ಲಿ ಫ್ಯಾನ್ ಸಿಗುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಆ ಬಿಸಿಲಿಗೆ ಖುಷಿಪಟ್ಟದ್ದು ಆ ನಾಲ್ಕು ಬಳ್ಳಿ. ಟೆಂಪ್ರಾನಿಯೊ ಆಗಸ್ಟಿನಲ್ಲೇ ಕಪ್ಪಾಯಿತು. ಅದರ ಹಿಂದೆ ಗಾರ್ನಾಚಾ. ಸೆಪ್ಟೆಂಬರಿನಲ್ಲಿ ಮಾಸುವೆಲೊ ಬಣ್ಣ ತಿರುಗಿತು. ಅಕ್ಟೋಬರಿನ ಒಂದು ಬೆಳಿಗ್ಗೆ ಸೆನ್ಯೋರಾ ಬೇಲಿಯ ಮೇಲಿಂದ ಕೈ ಚಾಚಿ ನನ್ನ ಅಂಗೈಗೆ ಒಂದು ಸಣ್ಣ ಕಪ್ಪು ಹಣ್ಣು ಇಟ್ಟರು.

"ತಿನ್ನು ಇಹಾ. ಗ್ರಾಸಿಯಾನೊ. ಅವನಿಗೆ ಇಲ್ಲಿ ಒಂದು ಸಲವೂ ಇದು ಹಣ್ಣಾಗಿ ಸಿಗಲಿಲ್ಲ."

ಸಿಪ್ಪೆ ದಪ್ಪ, ಒಳಗೆ ಬೀಜವೇ ಹೆಚ್ಚು. ಅಗಿದ ಮೇಲೆ ಬಾಯಲ್ಲಿ ಎಂಥದೋ ಗಿಡಮೂಲಿಕೆಯ ಘಮ ಉಳಿಯಿತು. ಅವರು ನನ್ನ ಮುಖ ನೋಡುತ್ತ ಕಾಯುತ್ತಿದ್ದರು. ಚೆನ್ನಾಗಿದೆ ಎಂದೆ. ಅವರು ಅಳಲಿಲ್ಲ. ಮೂಗು ಒರೆಸಿಕೊಂಡು ಬುಟ್ಟಿ ತರಲು ಒಳಗೆ ಹೋದರು.

ವೈನ್ ಮಾಡುವ ದೊಡ್ಡ ಗಾಜಿನ ಜಾಡಿಗಳು ಗ್ಯಾರೇಜಿನಲ್ಲಿ ಧೂಳು ಹಿಡಿದಿದ್ದವು. ನನ್ನ ಗಂಡ ತೊಳೆದುಕೊಟ್ಟರು. ನಾಲ್ಕು ಹಣ್ಣು ನಾಲ್ಕು ಹೊತ್ತಿಗೆ ಆದದ್ದರಿಂದ ಬಂದ ಹಾಗೆ ಹಿಸುಕಿ, ಬೇರೆ ಬೇರೆಯಾಗಿ ಹುದುಗಲು ಬಿಟ್ಟೆವು. ನಮ್ಮ ಮನೆಯಲ್ಲಿ ಕುಡಿತ ಇಲ್ಲ. ಗಂಡ ಆಫೀಸಿನ ಪಾರ್ಟಿಯಲ್ಲಿ ಯಾವಾಗಲೋ ಒಂದು ಬಿಯರ್ ಕುಡಿಯುತ್ತಿದ್ದದ್ದು ಬಿಟ್ಟರೆ ನನಗೆ ಅದರ ವಾಸನೆಯೂ ಗೊತ್ತಿರಲಿಲ್ಲ. ಆದರೂ ಬಕೆಟ್ಟಿಗೆ ಮೊಳಕೈವರೆಗೆ ಕೈ ಹಾಕಿ ಹಣ್ಣು ಹಿಸುಕುವಾಗ, ಬೆರಳ ಸಂದಿಯಿಂದ ಬೆಚ್ಚಗಿನ ರಸ ಇಳಿಯುವಾಗ, ಅದು ತಪ್ಪು ಕೆಲಸ ಎಂದು ಅನ್ನಿಸಲಿಲ್ಲ. ಉಗುರು ದಿನಗಟ್ಟಲೆ ನೇರಳೆಯಾಗಿತ್ತು. ಶಾಲೆಯಲ್ಲಿ ಎಲ್ಲರೂ ಕೇಳಿದರು.

ಅದನ್ನು ಬೆರೆಸಿದ್ದು ಮುಂದಿನ ವಸಂತದಲ್ಲಿ, ಸೆನ್ಯೋರಾ ಅವರ ಅಡುಗೆಮನೆಯ ಮೇಜಿನ ಮೇಲೆ, ಒಂದು ಭಾನುವಾರ ಊಟವಾದ ಮೇಲೆ. ನಾಲ್ಕು ಲೋಟ ಸಾಲಾಗಿ ಇಟ್ಟರು. ಬರೀ ಮೂಸಿ ನೋಡು, ಬೇಕಾದರೆ ನಾಲಿಗೆಗೆ ತಾಗಿಸಿ ಉಗಿ, ಎಂದು ಒಂದು ಬಟ್ಟಲನ್ನೂ ಕೊಟ್ಟರು. ನಾನು ತಾಗಿಸಿದೆ.

ಟೆಂಪ್ರಾನಿಯೊ ಮೃದುವಾಗಿತ್ತು. ಎಲ್ಲಿಯೂ ಚುಚ್ಚುವುದಿಲ್ಲ, ಎಲ್ಲಿಯೂ ನಿಲ್ಲುವುದೂ ಇಲ್ಲ. ಗಾರ್ನಾಚಾ ಗಂಟಲಲ್ಲಿ ಬಿಸಿ ತಂದಿತು, ಹಿಂದಿನಿಂದ ಜಾಮಿನ ಹಾಗೆ ಸಿಹಿ ವಾಸನೆ. ಮಾಸುವೆಲೊ ಹಲ್ಲು ಚುಳ್ಳೆನ್ನುವಷ್ಟು ಹುಳಿ. ನನಗೆ ಎಲ್ಲಕ್ಕಿಂತ ಅದೇ ಇಷ್ಟವಾಯಿತು. ಸಣ್ಣವಳಿದ್ದಾಗ ತೋಟದಲ್ಲಿ ಹುಳಿಗಾಯಿಗೆ ಉಪ್ಪು ಖಾರ ಹಚ್ಚಿಕೊಂಡು ತಿಂದದ್ದು ನೆನಪಾಯಿತು. ಹಾಗೆಂದಾಗ ಸೆನ್ಯೋರಾ ಹೊಟ್ಟೆ ಹಿಡಿದು ನಕ್ಕರು.

"ಮಾಸುವೆಲೊ ಒಂದನ್ನೇ ಕುಡಿಯೋರು ಯಾರೂ ಇಲ್ಲ ಇಹಾ. ಅದು ಹಿಡಿದು ನಿಲ್ಲಿಸೋದಕ್ಕೆ. ವೈನ್ ನಾಲ್ಕು ವರ್ಷ ಇರಬೇಕಾದರೆ ಅದರ ಹುಳಿ ಬೇಕು."

ಅಳತೆಯ ಜಾರಿನಲ್ಲಿ ಅವರು ಮೊದಲು ಟೆಂಪ್ರಾನಿಯೊ ಬಹುಪಾಲು ಹಾಕಿದರು. ಅದಕ್ಕೆ ಗಾರ್ನಾಚಾ. ಮೂಸಿ, ತಾಗಿಸಿ, ಇನ್ನಷ್ಟು ಗಾರ್ನಾಚಾ. ಮಾಸುವೆಲೊ ಚಮಚದಲ್ಲಿ. ಅಷ್ಟಾದ ಮೇಲೆ ನನ್ನ ಕೈಗೆ ಕೊಟ್ಟರು. ಒಳ್ಳೆಯದೇ ಇತ್ತು. ಆಮೇಲೆ ಗ್ರಾಸಿಯಾನೊ ಸ್ವಲ್ಪವೇ ಸುರಿದು, ಜಾರು ಅಲುಗಿಸಿ, ಮತ್ತೆ ಕೊಟ್ಟರು. ಬದಲಾದದ್ದು ನನ್ನಂಥವಳಿಗೂ ತಿಳಿಯಿತು. ಮೊದಲು ಬಾಯಿಗೆ ಮಾತ್ರ ಇದ್ದದ್ದು ಈಗ ಮೂಗಿಗೂ ಬಂದಿತ್ತು. ಆ ಸಲ ನಾನು ಉಗಿಯಲಿಲ್ಲ.

ಸೆನ್ಯೋರಾ ತಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಕಣ್ಣು ಮುಚ್ಚಿಕೊಂಡು ಒಂದು ಗುಟುಕು ಕುಡಿದರು.

"ಮಾವನ ಮನೆಯದಕ್ಕೆ ಹೋಲಿಸಿದರೆ ತೆಳು," ಎಂದರು. "ಆದರೆ ಅದರ ನೆಂಟನೇ."

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರಿಗೆ ಬಳ್ಳಿ ಚಿಗುರಿದ್ದು, ಕಾಯಿ ಬಂದದ್ದು ಗೊತ್ತಿತ್ತು. ಮುಂದಿನದನ್ನು ನಾನು ಬೇಕೆಂದೇ ತಡಮಾಡಿದ್ದೆ.

"ಸೆರೆ ಮಾಡೀರೇನು?" ಎಂದರು. ನಮ್ಮ ಕಡೆ ಹೆಂಡಕ್ಕೆ ಸೆರೆ ಎನ್ನುವುದು. ಆಮೇಲೆ ನಗು ಕೇಳಿಸಿತು. "ನಾ ಅಷ್ಟ್ ಮೈಮುರದು ಚಿಗುರು ಆರಿಸಿದ್ದು ಸೆರೆ ಮಾಡಾಕ? ಚಲೋ ಆತು ಬಿಡು. ಆ ಅಕ್ಕಾರು ಖುಷಿ ಅದಾರೇನು?"

"ಭಾಳ ಖುಷಿ ಅದಾರಪ್ಪಾ."

"ಮತ್ತ ಮುಗೀತು."

ಎರಡು ಸಾವಿರದ ಆರರಲ್ಲಿ ಸೆನ್ಯೋರಾ ಮನೆ ಮಾರಿ ಸ್ಪೇನಿಗೆ, ತಂಗಿಯಿದ್ದ ಊರಿಗೆ ಹೋದರು. ಮೊಣಕಾಲು ನೋವು, ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಕೊಂಡವರು ಲೆಸ್ಟರಿನಿಂದ ಬಂದ ಒಳ್ಳೆಯ ಜನ, ದೊಡ್ಡ ಕುಟುಂಬ. ಅಡುಗೆಮನೆಯನ್ನು ಹಿಂದಕ್ಕೆ ಬೆಳೆಸಲು ಗ್ಯಾರೇಜನ್ನು ಕೆಡವಿದರು. ಬಳ್ಳಿಗಳೂ ಹೋದವು. ನನಗೆ ಅದನ್ನು ಸೆನ್ಯೋರಾಗೆ ಫೋನಿನಲ್ಲಿ ಹೇಳಲು ವಾರಗಟ್ಟಲೆ ಆಗಲಿಲ್ಲ. ಕೊನೆಗೆ ಹೇಳಿದಾಗ ಅವರು, "ಮನೆ ತುಂಬ ಮಕ್ಕಳಿದ್ದಾರೆ ಅಂದೆಯಲ್ಲ, ಅಡುಗೆಮನೆ ದೊಡ್ಡದು ಬೇಕಲ್ಲವಾ," ಎಂದರು. ಆಮೇಲೆ ನನ್ನ ಮಗಳ ಪರೀಕ್ಷೆಯ ವಿಷಯ ಕೇಳಿದರು.

ಎರಡು ವರ್ಷ ಬಿಟ್ಟು ಅಕ್ಟೋಬರಿನ ರಜೆಯಲ್ಲಿ ನಾವು ಮೂವರೂ ಅವರ ಊರಿಗೆ ಹೋದೆವು. ಬೆಟ್ಟದ ಕೆಳಗೆ ಸಣ್ಣ ಹಳ್ಳಿ. ನಮಗಾಗಿ ಮಾಂಸ ಹಾಕದೆ, ಬರೀ ಆಲೂಗಡ್ಡೆ, ಒಣಮೆಣಸಿನಕಾಯಿ ಹಾಕಿ ಸಾರಿನಂಥದು ಮಾಡಿದ್ದರು. ನನ್ನ ಗಂಡ ಎರಡು ಸಲ ಹಾಕಿಸಿಕೊಂಡರು. ಮಧ್ಯಾಹ್ನ ಕೋಲು ಹಿಡಿದು, ಗಂಡನ ತಂದೆ ನೆಟ್ಟಿದ್ದ ಹಳೆಯ ತೋಟ ತೋರಿಸಲು ಕರೆದುಕೊಂಡು ಹೋದರು. ಅಲ್ಲಿ ತಂತಿಯಿಲ್ಲ, ಚಪ್ಪರವಿಲ್ಲ. ಮೊಣಕಾಲೆತ್ತರದ ಗಿಡಗಳ ಹಾಗೆ ಬಳ್ಳಿಗಳು ಕೆಂಪು ಮಣ್ಣಿನಲ್ಲಿ ಒಂದೊಂದೇ ನಿಂತಿದ್ದವು. ಕೊಯ್ಲು ಮುಗಿದಿತ್ತು.

"ನಾಲ್ಕೂ ಬೇರೆ ಬೇರೆ ಸಾಲಿನಲ್ಲಿ ಇದ್ದಾವಾ?" ಎಂದು ಕೇಳಿದೆ.

"ಇಲ್ಲ. ಆಗಿನವರು ಕೈಗೆ ಬಂದ ಹಾಗೆ ಕಲಸಿ ನೆಟ್ಟುಬಿಟ್ಟಿದ್ದಾರೆ. ಕೊಯ್ಯೋದೂ ಒಟ್ಟಿಗೇ."

"ಮತ್ತೆ ಯಾವುದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

"ಈ ತಿಂಗಳು ಬಂದರೆ ಗೊತ್ತಾಗುತ್ತೆ. ಅಲ್ಲಿ ನಿಂತು ನೋಡು."

ದಿಣ್ಣೆಯ ಮೇಲೆ ಹತ್ತಿ ನಿಂತೆ. ಕೆಳಗೆ ಇಡೀ ತೋಟ ಚುಕ್ಕೆ ಚುಕ್ಕೆಯಾಗಿತ್ತು. ರಕ್ತದಂತೆ ಕೆಂಪಾದದ್ದೆಲ್ಲ ಟೆಂ‍ಪ್ರಾನಿಯೊ, ಹಳದಿಗೆ ತಿರುಗಿದ್ದು ಗಾರ್ನಾಚಾ, ಅಂಚಷ್ಟೇ ಕೆಂಪಾದದ್ದು ಮಾಸುವೆಲೊ, ಅಲ್ಲಲ್ಲಿ ಇನ್ನೂ ಹಸಿರು ಬಿಡದೆ ನಿಂತದ್ದು ಗ್ರಾಸಿಯಾನೊ ಎಂದು ಸೆನ್ಯೋರಾ ಕೆಳಗಿನಿಂದ ಕೋಲು ಚಾಚಿ ತೋರಿಸುತ್ತ ಹೋದರು. ನನ್ನ ಮಗಳು ಸಾಲುಗಳ ನಡುವೆ ಓಡಿ, ಕೊಯ್ಯುವವರು ಬಿಟ್ಟುಹೋಗಿದ್ದ ಒಂದು ಪುಟ್ಟ ಗೊಂಚಲು ಹುಡುಕಿ ತಂದಳು. ಯಾವ ಗಿಡದ್ದೆಂದು ಅವಳು ನೋಡಿಕೊಂಡಿರಲಿಲ್ಲ. ನಾವು ನಾಲ್ವರೂ ಮಣ್ಣಿನ ಏರಿಯ ಮೇಲೆ ಕೂತು ಅದನ್ನು ಹಂಚಿಕೊಂಡು ತಿಂದೆವು. ಬೀಜಗಳನ್ನು ಅಲ್ಲೇ ಉಗಿದು, ಬಸ್ಸಿನ ಹೊತ್ತಾಯಿತೆಂದು ಎದ್ದೆವು.